ಕಾಲುಚೀಲಕ್ಕೆ ಹೆಸರಿಡುವವರು ಯಾರು?

ಮಾನ್ಯ ಅಧ್ಯಕ್ಷರೇ, ಜವಳಿ ವಿನ್ಯಾಸದ ವಿದ್ಯಾರ್ಥಿಗಳೇ,

ಪಶ್ಚಿಮ ಆಫ್ರಿಕಾದ ಬೀದಿಮಾತುಗಳನ್ನೂ ಚಿತ್ತಾರಗಳನ್ನೂ ಹೊತ್ತ ಕಾಲುಚೀಲಗಳನ್ನು ನೀವು ಈ ಪ್ರದರ್ಶನಕ್ಕೆಂದು ಹೆಣೆದಿದ್ದೀರಿ. ಬಣ್ಣಗಳನ್ನು ಮೆಚ್ಚಿದೆ. ಆದರೆ ಚೀಟಿಗಳ ಮೇಲೆ ‘ಆಫ್ರಿಕನ್ ಮಾದರಿ 1’, ‘ಆಫ್ರಿಕನ್ ಮಾದರಿ 2’ ಎಂದಿರುವುದನ್ನು ಕಂಡು, ಸಿದ್ಧಪಡಿಸಿಕೊಂಡು ಬಂದಿದ್ದ ಮಾತುಗಳನ್ನು ಬದಿಗಿಟ್ಟಿದ್ದೇನೆ. ಘಾನಾ, ಟೋಗೊಗಳ ಪೇಟೆಯಲ್ಲಿ ಬಟ್ಟೆಯ ಬೆಲೆಯಲ್ಲಿ ಅದರ ಹೆಸರಿಗೂ ಒಂದು ಪಾಲಿದೆ. ಆ ಹೆಸರು ಬಹುಪಾಲು ಹುಟ್ಟುವುದು ವಿನ್ಯಾಸಕಾರನ ಮೇಜಿನ ಮೇಲಲ್ಲ, ಮಾರುವವರ ಮತ್ತು ಉಡುವವರ ಬಾಯಲ್ಲಿ.

ಒಂದು ಪ್ರಸಂಗವನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳುತ್ತೇನೆ. 1957ರಲ್ಲಿ ಘಾನಾ ಸ್ವತಂತ್ರವಾಯಿತು. ಅದೇ ವರ್ಷದ ಕೊನೆಗೆ ಅದರ ನಾಯಕ ಕ್ವಾಮೆ ಎನ್‌ಕ್ರುಮಾ ಈಜಿಪ್ಟಿನ ಫಾತಿಯಾ ಅವರನ್ನು ಮದುವೆಯಾದರು. ಘಾನಾದ ಕೈಮಗ್ಗದ ಬಟ್ಟೆಯಾದ ಕೆಂಟೆಯ ಒಂದು ವಿನ್ಯಾಸಕ್ಕೆ ‘ಎನ್‌ಕ್ರುಮಾಗೆ ಫಾತಿಯಾ ತಕ್ಕವಳು’ ಎಂಬ ಹೆಸರು ಬಂತು. 1966ರ ಫೆಬ್ರುವರಿಯಲ್ಲಿ, ಎನ್‌ಕ್ರುಮಾ ವಿದೇಶ ಪ್ರವಾಸದಲ್ಲಿದ್ದಾಗ, ಸೇನೆ ಅವರನ್ನು ಪದಚ್ಯುತಗೊಳಿಸಿತು. ಆಗ ಅದೇ ಬಟ್ಟೆ ‘ಒಬ್ಬನೇ ನಾಡನ್ನು ಆಳಲಾರ’ ಎಂದಾಯಿತು. ಒಂದೆಳೆ ನೂಲು ಅತ್ತಿತ್ತ ಆಗಲಿಲ್ಲ, ಹೆಸರು ಮಾತ್ರ ಪಕ್ಷಾಂತರ ಮಾಡಿತು. ನಮ್ಮ ಶಾಸಕರಲ್ಲೂ ಇಷ್ಟು ಚೊಕ್ಕ ಪಕ್ಷಾಂತರವನ್ನು ನಾನು ಕಂಡಿಲ್ಲ.

ಮೇಣದಚ್ಚಿನ ಬಟ್ಟೆಯದ್ದೂ ಇದೇ ಕಥೆ. 1846ರಲ್ಲಿ ಹಾಲೆಂಡಿನ ಹೆಲ್ಮಂಡ್‌ನಲ್ಲಿ ಆರಂಭವಾದ, ಇಂದು ವ್ಲಿಸ್ಕೊ ಎನಿಸಿಕೊಂಡಿರುವ ಕಾರ್ಖಾನೆ ಜಾವಾದ ಬಾಟಿಕ್ ಅನ್ನು ಯಂತ್ರದಲ್ಲಿ ಅನುಕರಿಸಿತು. ಅಲ್ಲಿಂದ ಬಂದ ಥಾನುಗಳಿಗೆ ಹೆಸರು ಕೊಟ್ಟವರಲ್ಲಿ ಟೋಗೊದ ರಾಜಧಾನಿ ಲೋಮೆಯ ವ್ಯಾಪಾರಿ ಹೆಂಗಸರು ಪ್ರಮುಖರು. ಮರ್ಸಿಡಿಸ್ ಬೆಂಜ್ ಕಾರುಗಳಲ್ಲಿ ಓಡಾಡುತ್ತಿದ್ದುದರಿಂದ ಜನ ಅವರನ್ನೇ ‘ನಾನಾ ಬೆಂಜ್’, ಅಂದರೆ ಬೆಂಜ್ ಅಮ್ಮಂದಿರು, ಎಂದು ಕರೆದರು. ತೆರೆದ ಪಂಜರದಿಂದ ಹಕ್ಕಿ ಹಾರುವ ಚಿತ್ರದ ಬಟ್ಟೆ ‘ನೀನು ಹೊರಗೆ ಹೋದರೆ ನಾನೂ ಹೋಗುವೆ’ ಎಂದಾಯಿತು. ಗಂಡನಿಗೆ ಬಾಯಿಬಿಟ್ಟು ಹೇಳಲಾಗದ್ದನ್ನು ಹೆಂಡತಿ ಅದನ್ನು ಉಟ್ಟು ಹೇಳಿದಳು. ಹೆಸರು ಕೊಟ್ಟದ್ದು ಪೇಟೆ ಎಂಬುದನ್ನು ಮತ್ತೊಮ್ಮೆ ನೆನಪಿಸುತ್ತೇನೆ.

ಇನ್ನು ಹೆಣಿಗೆಗೆ ಬರೋಣ. ಕೆಂಟೆಯನ್ನು ಸುಮಾರು ನಾಲ್ಕು ಅಂಗುಲ ಅಗಲದ ಪಟ್ಟಿಗಳಾಗಿ ನೇಯ್ದು, ಅಂಚಿಗೆ ಅಂಚು ಸೇರಿಸಿ ಹೊಲಿಯುತ್ತಾರೆ. ಚಪ್ಪಟೆಯಾಗಿ ಹಾಸಿದ ಕಾಲುಚೀಲದ ಅಗಲವೂ ಹೆಚ್ಚುಕಡಿಮೆ ಅಷ್ಟೇ. ಆದ್ದರಿಂದ ಅದರ ಚೌಕುಳಿಗಳು 168 ಅಥವಾ 200 ಸೂಜಿಗಳ ಕಾಲುಚೀಲ ಹೆಣೆಯುವ ಯಂತ್ರಕ್ಕೆ ಸಲೀಸಾಗಿ ಒಗ್ಗುತ್ತವೆ. ಘಾನಾದ ಅಚ್ಚಿನ ಬಟ್ಟೆಗಳ ಚಿತ್ತಾರವಾದ, ಹಿಂದಿರುಗಿ ನೋಡುವ ಸಂಕೋಫಾ ಹಕ್ಕಿಯ ಬಾಗಿದ ಕತ್ತು ಮಾತ್ರ ಮೆಟ್ಟಿಲು ಮೆಟ್ಟಿಲಾಗಿ ಮುರಿಯುತ್ತದೆ. ಬಣ್ಣ ಹೆಚ್ಚಾದಂತೆ ಮುಂಬದಿಗೆ ಬಾರದ ನೂಲುಗಳು ಒಳಮಗ್ಗುಲಲ್ಲಿ ಸಡಿಲವಾಗಿ ಹಾಯುತ್ತವೆ; ಹಾಯ್ದ ನೂಲು ಉದ್ದವಾದರೆ ಕಾಲ್ಬೆರಳು ಅದಕ್ಕೆ ಸಿಕ್ಕಿಕೊಳ್ಳುತ್ತದೆ. ನಿಮ್ಮ ಕೆಂಪು ಜೋಡಿಯನ್ನು ಒಳಹೊರಗು ಮಾಡಿ ನೋಡಿ.

ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ. ಬೀದಿಮಾತಿನ ಭಾಗವನ್ನು ಮೊಟಕುಗೊಳಿಸುತ್ತೇನೆ. ‘ಗೆಳೆಯಾ, ನಡೆ ಹೋಗೋಣ’ ಎನ್ನುವ ‘ಚಾಲೆ ವೋಟೆ’ ಘಾನಾದ ರಾಜಧಾನಿ ಅಕ್ರಾದಲ್ಲಿ ಹವಾಯಿ ಚಪ್ಪಲಿಯ ಹೆಸರು. 2011ರಲ್ಲಿ ಅಲ್ಲಿನ ಜೇಮ್ಸ್‌ಟೌನ್ ಬಡಾವಣೆಯಲ್ಲಿ ಆರಂಭವಾದ ಬೀದಿ ಕಲೆಯ ಉತ್ಸವಕ್ಕೂ ಅದೇ ಹೆಸರು. ಆ ಚಪ್ಪಲಿಯೊಳಗೆ ಕಾಲುಚೀಲ ತೊಡುವವರು ಅಪರೂಪ, ಆದರೂ ನಿಮ್ಮಲ್ಲೊಬ್ಬರು ಆ ಮಾತನ್ನೇ ಹಿಮ್ಮಡಿಯ ಮೇಲೆ ಹೆಣೆದಿದ್ದಾರೆ. ಅವರು ಪೇಟೆಗೆ ಕಿವಿಗೊಟ್ಟಿದ್ದಾರೆ. ಕೆಂಟೆ ನೇಯ್ಗೆ 2024ರಲ್ಲಿ ಯುನೆಸ್ಕೊದ ಪರಂಪರೆಯ ಪಟ್ಟಿ ಸೇರಿರುವಾಗ, ಅದನ್ನು ಯಂತ್ರದಲ್ಲಿ ಹೆಣೆದು ಮಾರುವವರು ಕೆಂಟೆಗೆ ಹೆಸರಾದ ಬೊನ್ವಿರೆ ಊರಿನ ನೇಕಾರರಿಗೆ ಏನು ಸಲ್ಲಿಸಬೇಕು ಎಂಬುದು ನನ್ನ ಕೊನೆಯ ಅಂಶವಾಗಿತ್ತು. ಅದನ್ನು ಪ್ರಶ್ನೋತ್ತರದಲ್ಲಿ ಮೊದಲು ಕೇಳುವವರಿಗೆ ಬಿಟ್ಟಿದ್ದೇನೆ.