ಬಯಲುಸೀಮೆಯ ಒಲೆಯ ಮೇಲೆ ಪಚ್ಚಿಲೆ ಚೌಡರ್

ಕೇಳುಗರಿಗೆ ನಮಸ್ಕಾರ.

ಬಳ್ಳಾರಿಯಿಂದ ಹುಬ್ಬಳ್ಳಿ ಮೇಲೆ ಹಾದು ಅಂಕೋಲೆಯ ಕಡಲು ಮುಟ್ಟಬೇಕೆಂದರೆ 300 ಕಿಲೋಮೀಟರಿಗೂ ಹೆಚ್ಚು ದಾರಿ. ರಾಯಚೂರಿನವರಿಗೆ ಇನ್ನೂ ದೂರ. ಆದರೂ ಇವತ್ತು ಕಡಲ ಚಿಪ್ಪಿನ ಅಡುಗೆಯನ್ನೇ ಹೇಳುತ್ತೇನೆ. ಮಂಗಳೂರಿನ ಕಡೆ ಪಚ್ಚಿಲೆ ಎನ್ನುವ ಹಸಿರು ಅಂಚಿನ ಚಿಪ್ಪನ್ನು ಐಸ್ ಪೆಟ್ಟಿಗೆಯಲ್ಲಿ ಕರಾವಳಿಯಿಂದ ತರಿಸಿಕೊಳ್ಳಬಹುದು. ಬಿಡಿಸಿದ ಮಾಂಸ ಹೆಪ್ಪುಗಟ್ಟಿಸಿದ ಪೊಟ್ಟಣದಲ್ಲೂ ಸಿಗುತ್ತದೆ. ಅದರಿಂದ ಹಾಲು, ಬೆಣ್ಣೆ, ಆಲೂಗಡ್ಡೆ ಸೇರಿಸಿ ಮಾಡುವ ಕೆನೆಯಂಥ ಗಟ್ಟಿ ಸೂಪೇ ಚೌಡರ್. ಬಿಳಿ ಚೌಡರ್ ಅಮೆರಿಕದ ನ್ಯೂ ಇಂಗ್ಲೆಂಡ್ ಕರಾವಳಿಯ ಅಡುಗೆ. ಅಲ್ಲಿ ಹೆಚ್ಚಾಗಿ ಕ್ಲ್ಯಾಮ್ ಎಂಬ ಚಿಪ್ಪು ಹಾಕುತ್ತಾರೆ. ಪಚ್ಚಿಲೆ ಅದಕ್ಕಿಂತ ಮೆತ್ತಗೆ, ಸ್ವಲ್ಪ ಸಿಹಿ. ಹಾಲಿಗೆ ಇದೇ ಚೆನ್ನಾಗಿ ಹೊಂದುತ್ತದೆ.

ಅಡುಗೆಗೆ ಕೈ ಹಾಕುವ ಮೊದಲು ಒಂದು ಮಾತು. ಚಿಪ್ಪು ಬಾಯಿಬಿಡುವಾಗ ಒಳಗಿನಿಂದ ಬೂದುಬಣ್ಣದ ನೀರು ಬರುತ್ತದೆ. ಈ ಸೂಪಿನ ರುಚಿಯ ಮುಕ್ಕಾಲು ಪಾಲು ಅದರಲ್ಲೇ ಇದೆ. ಅದನ್ನು ಚೆಲ್ಲಿ ನಲ್ಲಿ ನೀರು ಹಾಕಿದರೆ ಉಳಿಯುವುದು ಆಲೂಗಡ್ಡೆ ಪಾಯಸ. ಮುಂದೆ ನಾನು ಹೇಳುವ ಎಚ್ಚರಿಕೆಗಳಲ್ಲಿ ಹೆಚ್ಚಿನವು ಆ ನೀರನ್ನು ಉಳಿಸಿಕೊಳ್ಳುವುದಕ್ಕೆ, ಮಿಕ್ಕವು ಹಾಲು ಒಡೆಯದಂತೆ ನೋಡಿಕೊಳ್ಳುವುದಕ್ಕೆ.

ಅಳತೆ ಬರೆದುಕೊಳ್ಳಿ. ನಾಲ್ಕು ಜನರಿಗೆ ಚಿಪ್ಪು ಸಮೇತ ಒಂದೂವರೆ ಕಿಲೋ ಪಚ್ಚಿಲೆ, ಇಲ್ಲವೇ ಬಿಡಿಸಿದ ಮಾಂಸ 350 ಗ್ರಾಂ. ಆಲೂಗಡ್ಡೆ 400 ಗ್ರಾಂ. ಈರುಳ್ಳಿ 200 ಗ್ರಾಂ. ಬೆಳ್ಳುಳ್ಳಿ ನಾಲ್ಕು ಎಸಳು. ಉಪ್ಪಿಲ್ಲದ ಬೆಣ್ಣೆ 40 ಗ್ರಾಂ. ಮೈದಾ 30 ಗ್ರಾಂ, ಅಂದರೆ ಮೂರು ದೊಡ್ಡ ಚಮಚ ತುಂಬ. ಗಟ್ಟಿ ಹಾಲು ಅರ್ಧ ಲೀಟರ್, ಕ್ರೀಮ್ 100 ಮಿಲಿ. ಕಾಳುಮೆಣಸು, ಒಂದು ಪಲಾವ್ ಎಲೆ, ಕೊತ್ತಂಬರಿ ಸೊಪ್ಪಿನ ಕಾಂಡ ಎರಡು ಚಮಚ. ಮೂಲ ಕ್ರಮದಲ್ಲಿ ಸೆಲರಿ ದಂಟು ಹಾಕುತ್ತಾರೆ, ಕಾಂಡ ಅದರ ಬದಲಿಗೆ.

ಜೀವಂತ ಚಿಪ್ಪು ತರಿಸುವುದಾದರೆ ಡಿಸೆಂಬರಿನಿಂದ ಫೆಬ್ರುವರಿಯೊಳಗೆ ತರಿಸಿ. ಮಳೆಗಾಲದಲ್ಲಿ ಕಡಲ ಬಂಡೆಗಳಿಗೆ ಇಳಿಯುವುದೇ ಅಪಾಯ. ಏಪ್ರಿಲ್, ಮೇ ಹೊತ್ತಿಗೆ ನಮ್ಮಲ್ಲಿ 40 ಡಿಗ್ರಿ ದಾಟುತ್ತದೆ. ರಾತ್ರಿ ಬಸ್ಸಿನಲ್ಲಿ ಬಂದ ಪೆಟ್ಟಿಗೆ ನಿಲ್ದಾಣದಲ್ಲಿ ಒಂದೆರಡು ತಾಸು ಉಳಿದರೂ ಮುಗಿಯಿತು. ಪೆಟ್ಟಿಗೆ ಬಂದ ಕೂಡಲೇ ಬಿಚ್ಚಿ, ತೂತಿನ ಬುಟ್ಟಿಗೆ ಸುರಿದು, ಒದ್ದೆ ಬಟ್ಟೆ ಮುಚ್ಚಿ ಫ್ರಿಜ್ಜಿನಲ್ಲಿಡಿ. ಬುಟ್ಟಿಯ ಕೆಳಗೊಂದು ತಟ್ಟೆ ಇರಲಿ. ಬಾಯಿ ಕಟ್ಟಿದ ಪ್ಲಾಸ್ಟಿಕ್ ಚೀಲದಲ್ಲಿಟ್ಟರೆ ಉಸಿರುಕಟ್ಟಿ ಸಾಯುತ್ತವೆ. ಸಿಹಿನೀರಿನಲ್ಲಿ ನೆನೆಸಿಟ್ಟರೂ ಸಾಯುತ್ತವೆ, ಅವು ಉಪ್ಪುನೀರಿನ ಜೀವ. ಹೀಗಿಟ್ಟರೂ ಒಂದು ದಿನದ ಮೇಲೆ ಇಡಬೇಡಿ.

ಬೇಯಿಸುವ ಮುಂಚೆ ಒಂದೊಂದನ್ನೇ ಕೈಗೆತ್ತಿಕೊಳ್ಳಿ. ಒಡೆದದ್ದನ್ನು ಎಸೆಯಿರಿ. ಬಾಯಿ ತೆರೆದದ್ದನ್ನು ಕಲ್ಲಿಗೆ ಎರಡು ಸಲ ತಟ್ಟಿ. ಜೀವವಿದ್ದರೆ ಮೆಲ್ಲಗೆ ಮುಚ್ಚಿಕೊಳ್ಳುತ್ತದೆ, ಮುಚ್ಚದಿದ್ದರೆ ಅದೂ ಹೊರಗೆ. ಚಿಪ್ಪಿನ ಸಂದಿನಿಂದ ಇಣುಕುವ ನಾರಿನ ಗೊಂಚಲನ್ನು ಕೀಲಿನ ಕಡೆಗೆ ಎಳೆದು ಕಿತ್ತುಹಾಕಿ. ನಾರು ಕಿತ್ತರೆ ಒಳಗಿನ ಜೀವಕ್ಕೆ ಗಾಯವಾಗುತ್ತದೆ, ಆದ್ದರಿಂದ ಈ ಕೆಲಸ ಒಲೆ ಹಚ್ಚುವ ಹೊತ್ತಿಗೇ ಆಗಬೇಕು, ಹಿಂದಿನ ರಾತ್ರಿಯಲ್ಲ. ಹೊರಮೈಯನ್ನು ಬ್ರಷ್ಷಿನಿಂದ ಉಜ್ಜಿ, ಹರಿಯುವ ನೀರಿನಲ್ಲಿ ತೊಳೆಯಿರಿ.

ತುಂಗಭದ್ರೆಯ ದಂಡೆಯಲ್ಲೂ ಚಿಪ್ಪು ಸಿಗುತ್ತದಲ್ಲ ಎಂದು ಕೆಲವರಿಗೆ ಅನ್ನಿಸಬಹುದು. ನದಿಯ ಚಿಪ್ಪು ಬೇರೆ ಜಾತಿ, ಕೆಸರಿನ ವಾಸನೆ, ಮಾಂಸವೂ ಗಟ್ಟಿ. ಚಿಪ್ಪುಜೀವಿಗಳು ನೀರನ್ನು ಸೋಸಿ ತಿನ್ನುವುದರಿಂದ ನೀರಿನಲ್ಲಿದ್ದ ಹೊಲಸೆಲ್ಲ ಅವುಗಳ ಮೈಯಲ್ಲಿ ಸೇರುತ್ತದೆ. ಅದನ್ನು ಖಂಡಿತ ಬಳಸಬೇಡಿ. ಕಡಲ ಚಿಪ್ಪಿಗೂ ಇದೇ ಮಾತು: ಕೆಲವು ಪಾಚಿಗಳ ವಿಷ ಎಷ್ಟು ಕುದಿಸಿದರೂ ಹೋಗುವುದಿಲ್ಲ. ಎಲ್ಲಿಂದ ಬಂತೆಂದು ಹೇಳಬಲ್ಲ ವ್ಯಾಪಾರಿಯಿಂದಲೇ ಕೊಳ್ಳಿ. ಸೀಗಡಿ, ಏಡಿ ತಿಂದರೆ ಮೈ ದದ್ದೇಳುವವರು ಇದರಿಂದಲೂ ದೂರವಿರಲಿ.

ಈಗ ಒಲೆ. ಅಗಲ ಬಾಯಿಯ ಪಾತ್ರೆಯಲ್ಲಿ 200 ಮಿಲಿ ನೀರು, ಪಲಾವ್ ಎಲೆ ಹಾಕಿ ಕುದಿಸಿ. ಚಿಪ್ಪು ಸುರಿದು, ಮುಚ್ಚಳ ಬಿಗಿ ಮಾಡಿ, ಉರಿ ಜೋರಾಗಿಡಿ. ಮೂರು, ನಾಲ್ಕು ನಿಮಿಷಕ್ಕೆ ಬಾಯಿ ಬಿಡುತ್ತವೆ. ತೆರೆದ ಮೇಲೆ ಇನ್ನೆರಡು ನಿಮಿಷ ಆವಿಯಲ್ಲೇ ಬಿಡಿ. ಚಿಪ್ಪುಮಾಂಸದ ಒಳಭಾಗ 90 ಡಿಗ್ರಿಯಲ್ಲಿ ಕನಿಷ್ಠ 90 ಸೆಕೆಂಡು ಇರಬೇಕೆಂಬುದು ಆಹಾರ ಸುರಕ್ಷತೆಯ ಅಳತೆ. ದೂರದಿಂದ ಬಂದ ಮಾಲಿಗೆ ಇದನ್ನು ಬಿಡಬಾರದು. ಅದಕ್ಕಿಂತ ಹೆಚ್ಚು ಬೇಯಿಸಿದರೆ ಮಾಂಸ ರಬ್ಬರ್ ಆಗುತ್ತದೆ. ಕೊನೆಗೂ ಬಾಯಿ ಬಿಡದ್ದನ್ನು ಎಸೆದುಬಿಡಿ. ಮಾಂಸ ಕೆಲವದು ಕೇಸರಿ, ಕೆಲವದು ಬಿಳಿ ಇರುತ್ತದೆ. ಕೇಸರಿ ಹೆಣ್ಣು, ಬಿಳಿ ಗಂಡು, ಎರಡೂ ಒಳ್ಳೆಯವೇ.

ಮಾಂಸ ಬಿಡಿಸಿ ಪಕ್ಕಕ್ಕಿಟ್ಟು, ಪಾತ್ರೆಯ ನೀರನ್ನು ಐದು ನಿಮಿಷ ಅಲುಗಿಸದೆ ಬಿಡಿ. ಮರಳು ತಳಕ್ಕೆ ಕೂರುತ್ತದೆ. ತೆಳು ಪಂಚೆ ಬಟ್ಟೆ ಹಾಕಿ ಬಸಿಯಿರಿ, ತಳದ ಎರಡು ಚಮಚ ಮಾತ್ರ ಬಿಟ್ಟುಬಿಡಿ. ಸಿಕ್ಕಿದ ನೀರಿಗೆ ಮತ್ತಷ್ಟು ನೀರು ಸೇರಿಸಿ ಅರ್ಧ ಲೀಟರ್ ಮಾಡಿಕೊಳ್ಳಿ. ನಾಲಿಗೆಗೆ ಹಚ್ಚಿ ನೋಡಿ: ಕಡಲ ಉಪ್ಪು ಆಗಲೇ ಇದೆ. ಹಾಗಾಗಿ ಕೊನೆಯವರೆಗೆ ಒಂದು ಚಿಟಿಕೆ ಉಪ್ಪನ್ನೂ ಹಾಕಬೇಡಿ. ನಮ್ಮ ಎಷ್ಟೋ ಕೊಳವೆಬಾವಿಗಳ ನೀರೇ ಸವಳು, ಅಲ್ಲಂತೂ ಸೂಪಿಗೆ ಶುದ್ಧೀಕರಿಸಿದ ಕುಡಿಯುವ ನೀರನ್ನೇ ಬಳಸಿ.

ಹೆಪ್ಪುಗಟ್ಟಿದ ಮಾಂಸ ತಂದವರಿಗೆ ಈ ನೀರು ಸಿಗುವುದಿಲ್ಲ. ಪೊಟ್ಟಣವನ್ನು ರಾತ್ರಿಯೇ ಫ್ರಿಜ್ಜಿನ ಕೆಳಗಿನ ಅಂಕಣದಲ್ಲಿಟ್ಟು ಕರಗಿಸಿ, ಇಳಿದ ರಸವನ್ನು ಉಳಿಸಿಕೊಳ್ಳಿ. ಅದರ ಜೊತೆಗೆ 200 ಗ್ರಾಂ ಸೀಗಡಿ ಸಿಪ್ಪೆ ಅಥವಾ ತುಂಗಭದ್ರಾ ಅಣೆಕಟ್ಟಿನ ಬಳಿಯ ಮುನಿರಾಬಾದ್ ಕಡೆಯ ಮೀನಿನ ತಲೆಯನ್ನು 600 ಮಿಲಿ ನೀರಿನಲ್ಲಿ 20 ನಿಮಿಷ ಸಣ್ಣಗೆ ಕುದಿಸಿ ಸೋಸಿಕೊಳ್ಳಿ. ಮೀನಿನ ಕಿವಿರು ತೆಗೆಯದಿದ್ದರೆ ಕಹಿ ಬರುತ್ತದೆ. ಸೀಗಡಿ ಸಿಪ್ಪೆಯೇ ಮೇಲು.

ಇನ್ನು ಮುಂದೆ ಉರಿ ಸಣ್ಣದು. ಬೆಣ್ಣೆ ಕರಗಿಸಿ, ಸಣ್ಣಗೆ ಹೆಚ್ಚಿದ ಈರುಳ್ಳಿ, ಕಾಂಡ, ಬೆಳ್ಳುಳ್ಳಿ ಹಾಕಿ ಎಂಟು ನಿಮಿಷ ಮೆತ್ತಗಾಗಿಸಿ. ಈರುಳ್ಳಿ ಕೆಂಪಾಗಬಾರದು, ಸೂಪು ಕಂದಾಗುತ್ತದೆ. ಮೈದಾ ಉದುರಿಸಿ ಎರಡು ನಿಮಿಷ ಕೈಯಾಡಿಸಿ, ಹಸಿ ವಾಸನೆ ಹೋಗಲಿ. ಬಸಿದ ನೀರನ್ನು ಮೂರು ಕಂತಿನಲ್ಲಿ ಹುಯ್ಯಿರಿ. ಪ್ರತಿ ಸಲವೂ ಗಂಟಿಲ್ಲದಂತೆ ಕದಡಿದ ಮೇಲೆಯೇ ಮುಂದಿನದು. ಒಂದೂವರೆ ಸೆಂಟಿಮೀಟರ್ ಚೌಕದ ಆಲೂಗಡ್ಡೆ ಹಾಕಿ, 12ರಿಂದ 15 ನಿಮಿಷ ಬೇಯಿಸಿ. ಇದನ್ನು ಹಾಲಿನಲ್ಲಿ ಬೇಯಿಸಲು ಹೋಗಬೇಡಿ, ತಳ ಹಿಡಿಯುತ್ತದೆ. ಬಹುದಿನ ಶೀತಲಗೃಹದಲ್ಲಿದ್ದ ಆಲೂಗಡ್ಡೆಯಲ್ಲಿ ಪಿಷ್ಟ ಸಕ್ಕರೆಯಾಗಿ ಸೂಪೇ ಸಿಹಿಯಾಗುವುದುಂಟು, ಹೊಸದನ್ನೇ ಆರಿಸಿ. ಬೆಂದ ಮೇಲೆ ಕಾಲು ಭಾಗವನ್ನು ಸೌಟಿನಿಂದ ಪಾತ್ರೆಯ ಮೈಗೆ ಒತ್ತಿ ಹಿಚುಕಿದರೆ ಸೂಪು ತಾನಾಗಿ ಗಟ್ಟಿಯಾಗುತ್ತದೆ.

ಹಾಲಿನ ಸರದಿಯಲ್ಲೇ ಹೆಚ್ಚಿನವರು ಸೋಲುತ್ತಾರೆ. ಹಾಲನ್ನು ಬೇರೆ ಪಾತ್ರೆಯಲ್ಲಿ ಕುದಿಸಿ ನೋಡಿ. ನಮ್ಮ ಸೆಕೆಗೆ ಪೊಟ್ಟಣದ ಹಾಲು ಒಳಗೊಳಗೇ ಹುಳಿದಿರುತ್ತದೆ, ಒಡೆಯುವುದಿದ್ದರೆ ಅಲ್ಲೇ ಒಡೆಯಲಿ, ಪಚ್ಚಿಲೆಯ ನೀರು ಉಳಿದೀತು. ಎಮ್ಮೆ ಹಾಲು ಅಥವಾ ಶೇಕಡಾ 6 ಕೊಬ್ಬಿನ ಹಾಲು ಬೇಕು. ತುಪ್ಪಕ್ಕೆಂದು ವಾರವಿಡೀ ಕೂಡಿಟ್ಟ ಮನೆಯ ಕೆನೆ ಇದಕ್ಕೆ ಬೇಡ, ಅದರಲ್ಲಿ ಹುಳಿ ಸೇರಿರುತ್ತದೆ. ಶೇಕಡಾ 25 ಕೊಬ್ಬಿನ ಪೊಟ್ಟಣದ ಕ್ರೀಮ್ ತನ್ನಿ. ಟೊಮೆಟೊ, ಹುಣಸೆ, ನಿಂಬೆ ಹತ್ತಿರ ಸುಳಿಯಬಾರದು. ಶುಂಠಿ-ಬೆಳ್ಳುಳ್ಳಿ ಪೇಸ್ಟನ್ನೂ ಹಾಕಬೇಡಿ. ಹಸಿ ಶುಂಠಿಯಲ್ಲಿರುವ ಕಿಣ್ವ ಹಾಲನ್ನು ಒಡೆಯುತ್ತದೆ, ಇದು ಅನೇಕರಿಗೆ ಗೊತ್ತಿರುವುದಿಲ್ಲ. ಖಾರ ಬೇಕೆಂದರೆ ಒಂದು ಹಸಿಮೆಣಸಿನಕಾಯಿ ಸೀಳಿ ಹಾಕಿ, ಸಾಕು.

ಬಿಸಿ ಹಾಲು ಬೆರೆಸಿ, ಅಂಚಿನಲ್ಲಿ ಸಣ್ಣ ಗುಳ್ಳೆ ಏಳುವವರೆಗೆ ಕಾಯಿಸಿ. ಆಮೇಲೆ ಪಚ್ಚಿಲೆ ಮಾಂಸ, ಕ್ರೀಮ್. ಮಾಂಸ ಬಿಸಿಯಾಗಲು ಎರಡು ನಿಮಿಷ ಸಾಕು. ಪೊಟ್ಟಣದ ಮಾಂಸಕ್ಕೆ ನಾಲ್ಕು ನಿಮಿಷ ಕೊಡಿ. ಕೊತಕೊತ ಕುದಿಸಬೇಡಿ. ಈಗ ಉಪ್ಪು ನೋಡಿ, ಕಾಳುಮೆಣಸು ಪುಡಿ ಉದುರಿಸಿ, ಹತ್ತು ನಿಮಿಷ ಮುಚ್ಚಿಡಿ. ನ್ಯೂ ಇಂಗ್ಲೆಂಡಿನವರು ಇದರ ಮೇಲೆ ಗರಿಗರಿ ಬಿಸ್ಕತ್ತು ಮುರಿದು ಹಾಕಿಕೊಳ್ಳುತ್ತಾರೆ. ನಮ್ಮ ಕಡಕ್ ಜೋಳದ ರೊಟ್ಟಿ ಅದಕ್ಕಿಂತ ಚೆನ್ನಾಗಿ ಹೊಂದುತ್ತದೆ. ಕೆನೆಯಲ್ಲಿ ನೆನೆದರೂ ಬೇಗ ಕರಗುವುದಿಲ್ಲ.

ಬೇಸಿಗೆಯಲ್ಲಿ ಈ ಸೂಪು ಹೊರಗೆ ಒಂದು ತಾಸಿಗಿಂತ ಹೆಚ್ಚು ಇರಬಾರದು. ಎರಡು ದಿನಕ್ಕೆ ಮಾಡುವವರು ಆಲೂಗಡ್ಡೆ ಬೆಂದ ಹಂತದಲ್ಲೇ ಅರ್ಧ ತೆಗೆದು, ಬೇಗ ತಣಿಸಿ, ಫ್ರಿಜ್ಜಿನಲ್ಲಿಡಿ. ಬಿಡಿಸಿದ ಮಾಂಸವನ್ನು ಬೇರೆ ಡಬ್ಬಿಯಲ್ಲಿ ಸ್ವಲ್ಪ ಬಸಿದ ನೀರಿನೊಂದಿಗೆ ಇಡಿ. ಮರುದಿನ ತೆಗೆದಿಟ್ಟ ಆಲೂಗಡ್ಡೆ ಸೂಪನ್ನು ಕುದಿಸಿ, ಹೊಸ ಹಾಲು ಬೆರೆಸಿ, ಕೊನೆಯಲ್ಲಿ ಮಾಂಸ ಹಾಕಿ.