ಸಾಕಾಗುತ್ತಾ, ಮೀರುತ್ತಾ: ಏಳನೇ ಕ್ಲಾಸಿಗೇ ಅಸಮತೆ ಬೇಕು

ಕೇಳುಗರಿಗೆಲ್ಲ ನಮಸ್ಕಾರ. ಮನೇಲಿ ಏಳನೇದೋ ಎಂಟನೇದೋ ಓದೋ ಮಕ್ಕಳಿದ್ರೆ ಸ್ವಲ್ಪ ರೇಡಿಯೋ ಹತ್ರ ಕರೀರಿ, ಪೆನ್ಸಿಲ್ ಪೇಪರ್ ಇದ್ರೆ ಇನ್ನೂ ಒಳ್ಳೇದು.

ಲಿಫ್ಟ್ ಒಳಗೆ 8 ಜನ, 544 ಕೆಜಿ ಅಂತ ಬರೆದಿರೋದನ್ನ ನೋಡಿರ್ತೀರ, ಭಾಗಿಸಿದ್ರೆ ಒಬ್ಬರಿಗೆ 68 ಕೆಜಿ ಹಿಡಿದಿದಾರೆ ಅಂತ ಗೊತ್ತಾಗುತ್ತೆ. ಈಗ ಇಬ್ಬರು, ಇಬ್ಬರೂ 68 ಕೆಜಿಯವರೇ ಅನ್ಕೊಳ್ಳಿ, 25 ಕೆಜಿ ಅಕ್ಕಿ ಮೂಟೆಗಳನ್ನ ಮೇಲಕ್ಕೆ ಒಯ್ಯಬೇಕು, ಒಂದು ಸಲಕ್ಕೆ ಎಷ್ಟು ಹಾಕಬಹುದು? ತೂಕ ಸರಿಯಾಗಿ 544 ಆಗ್ಲಿ ಅಂತ ಯಾರೂ ಕೇಳ್ತಿಲ್ಲ, ಅದನ್ನ ಮೀರಬಾರದು ಅಷ್ಟೇ. ಮೂಟೆಗಳ ಸಂಖ್ಯೆ ಎಕ್ಸ್ ಅಂತ ಇಟ್ಕೊಂಡ್ರೆ, 136 ಕೂಡಿಸು 25 ಎಕ್ಸ್, ಇದು 544ಕ್ಕೆ ಸಮ ಅಥವಾ ಅದಕ್ಕಿಂತ ಕಮ್ಮಿ ಇರಬೇಕು. 136 ಕಳೆದ್ರೆ 408, 25ರಿಂದ ಭಾಗಿಸಿದ್ರೆ 16.32, ಅಂದ್ರೆ 16 ಮೂಟೆ. ಇದೇ ಬೀಜಗಣಿತದ ಅಸಮತೆ, ಇದರಲ್ಲಿ ಹೆದರೋಕೆ ಏನೂ ಇಲ್ಲ.

ಆದ್ರೂ ಇದು ನಮ್ಮಲ್ಲಿ ಪೂರ್ತಿ ಒಂದು ಪಾಠ ಅಂತ ಬರೋದು ಪಿಯುಸಿ ಮೊದಲ ವರ್ಷದಲ್ಲಿ. ಏಳನೇ ಕ್ಲಾಸಲ್ಲಿ ತ್ರಿಭುಜದ ಎರಡು ಬಾಹುಗಳ ಮೊತ್ತ ಮೂರನೇದಕ್ಕಿಂತ ಜಾಸ್ತಿ ಅಂತ ಒಂದು ಸಲ ಬಂದು ಹೋಗುತ್ತೆ, ಆಮೇಲೆ ವರ್ಷಗಟ್ಟಲೆ ಬರೀ ಸಮೀಕರಣ. ಚರಿತ್ರೆಯಲ್ಲೂ ಹಂಗೇ ಆಯ್ತು, ಸಮ ಚಿಹ್ನೆಯನ್ನ ಗಣಿತಜ್ಞ ರಾಬರ್ಟ್ ರೆಕಾರ್ಡ್ 1557ರಲ್ಲಿ ತಂದ, ಜಾಸ್ತಿ ಕಮ್ಮಿ ತೋರಿಸೋ ಚಿಹ್ನೆಗಳು ಅಚ್ಚಾಗಿದ್ದು 1631ರಲ್ಲಿ, ಥಾಮಸ್ ಹ್ಯಾರಿಯಟ್ ಅನ್ನೋ ಗಣಿತಜ್ಞನ ಪುಸ್ತಕದಲ್ಲಿ, ಅದೂ ಅವನು ತೀರಿಕೊಂಡ 10 ವರ್ಷಕ್ಕೆ. ಆದ್ರೆ ನಮ್ಮ ಮಕ್ಕಳು ಯಾಕೆ ಕಾಯಬೇಕು? ದುಡ್ಡು ಸಾಕಾಗುತ್ತಾ, ಟೈಮಿಗೆ ತಲುಪ್ತೀವಾ, ಎಲ್ಲರಿಗೂ ಜಾಗ ಆಗುತ್ತಾ, ಮನೇಲಿ ದಿನಾ ಏಳೋ ಪ್ರಶ್ನೆಗಳೇ ಇವು.

ಬೆಂಗಳೂರಿನ ಆಟೋ ತಗೊಳ್ಳಿ. ಆಗಸ್ಟ್ 2025ರಿಂದ ಮೊದಲ 2 ಕಿಲೋಮೀಟರಿಗೆ 36 ರೂಪಾಯಿ, ಆಮೇಲೆ ಪ್ರತಿ ಕಿಲೋಮೀಟರಿಗೆ 18. ಜೇಬಲ್ಲಿ 100 ಇದೆ. 36 ಕೂಡಿಸು 18 ಎಕ್ಸ್, 100ರ ಒಳಗಿರಬೇಕು, ಹಾಗಾದ್ರೆ ಎಕ್ಸ್ ಹೆಚ್ಚಂದ್ರೆ ಸುಮಾರು 3.55, ಮೊದಲಿನ 2 ಸೇರಿಸಿದ್ರೆ ಐದೂವರೆ ಕಿಲೋಮೀಟರ್ ಧಾರಾಳವಾಗಿ ಹೋಗಬಹುದು. ಚುರುಕಾದ ಮಗು ಇಲ್ಲೇ ಕೈ ಎತ್ತುತ್ತೆ, ಸರ್ 36 ಅಂದ್ರೆ ಎರಡು ಹದಿನೆಂಟೇ ಅಲ್ವಾ, ಹಾಗಾದ್ರೆ ಒಟ್ಟು ದೂರವನ್ನೇ 18ರಿಂದ ಗುಣಿಸಿದ್ರೆ ಸಾಕಲ್ವಾ ಅಂತ. ಸರಿಯಾದ ಮಾತು, ಆದ್ರೆ ದೂರ 2 ಕಿಲೋಮೀಟರ್ ಅಥವಾ ಅದಕ್ಕಿಂತ ಜಾಸ್ತಿ ಇದ್ದಾಗ ಮಾತ್ರ, ಯಾಕಂದ್ರೆ ಒಂದೇ ಕಿಲೋಮೀಟರಿಗೆ ಇಳಿದ್ರೂ 36 ಕೊಡಲೇಬೇಕು. ನೋಡಿ, ಆ ಷರತ್ತೂ ಒಂದು ಅಸಮತೆ! ಇಂಥ ಮಾತು ಕ್ಲಾಸಲ್ಲಿ ಬಂದ್ರೆ ಟೀಚರು ಪಾಠ ನಿಲ್ಲಿಸಿ ಅದನ್ನೇ ಹಿಡ್ಕೋಬೇಕು ಅನ್ನೋದು ನನ್ನ ಆಸೆ.

ಉತ್ತರಾನ ಯಾವ ಕಡೆಗೆ ಪೂರ್ಣ ಮಾಡಬೇಕು ಅನ್ನೋದೂ ಇಲ್ಲೇ ಚೆನ್ನಾಗಿ ಅರ್ಥ ಆಗೋದು. ಆಟೋದಲ್ಲಿ 3.55 ಬಂತು ಅಂತ 4 ಮಾಡಿದ್ರೆ 108 ರೂಪಾಯಿ ಆಗುತ್ತೆ, ದುಡ್ಡು ಸಾಲಲ್ಲ. ಅದೇ ಸ್ಕೂಲ್ ಟ್ರಿಪ್ಪಿಗೆ 106 ಮಕ್ಕಳು, ಬಸ್ಸಿಗೆ 48 ಸೀಟು ಅಂದ್ರೆ ಭಾಗಿಸಿದಾಗ ಬರೋದು 2.2, ಮಕ್ಕಳು ರೂಢಿ ಪ್ರಕಾರ 2 ಅಂತ ಬರೀತಾರೆ, ಆಗ 10 ಮಕ್ಕಳು ಗೇಟ್ ಹತ್ರಾನೇ ಉಳೀತಾರೆ. ಸೀಟು 106ಕ್ಕಿಂತ ಕಮ್ಮಿ ಆಗಬಾರದು ಅಂತ ಮೊದಲೇ ಅಸಮತೆ ಬರೆದಿದ್ರೆ 3 ಬಸ್ ಬೇಕು ಅನ್ನೋದು ತಾನಾಗೇ ಕಾಣುತ್ತೆ.

ಇನ್ನು ಮಕ್ಕಳು ಎಡವೋ ಜಾಗ, ಚಿಹ್ನೆ ತಿರುಗೋದು, ಅಂದ್ರೆ ಜಾಸ್ತಿ ಅನ್ನೋ ಚಿಹ್ನೆ ಕಮ್ಮಿ ಅಂತ ಆಗೋದು. ಮೆಟ್ರೋ ಕಾರ್ಡಲ್ಲಿ 500 ರೂಪಾಯಿ ಇದೆ ಅನ್ಕೊಳ್ಳಿ, ದಿನಕ್ಕೆ 40 ಖರ್ಚು, ಕನಿಷ್ಠ 100 ಉಳೀಬೇಕು, ಎಷ್ಟು ದಿನ ಬರುತ್ತೆ? 500 ಕಳೆ 40 ಎಕ್ಸ್, ಇದು 100 ಅಥವಾ ಅದಕ್ಕಿಂತ ಜಾಸ್ತಿ. 500 ಕಳೆದ್ಮೇಲೆ ಮೈನಸ್ 40 ಎಕ್ಸ್ ಒಂದು ಕಡೆ, ಮೈನಸ್ 400 ಇನ್ನೊಂದು ಕಡೆ. ಮೈನಸ್ 40ರಿಂದ ಭಾಗಿಸಿದಾಗ ಚಿಹ್ನೆ ತಿರುಗಿಸದೇ ಇದ್ರೆ 10 ದಿನ ಅಥವಾ ಜಾಸ್ತಿ ಅಂತ ಬರುತ್ತೆ, ಅಂದ್ರೆ 50 ದಿನ ಬೇಕಾದ್ರೂ ಓಡಾಡಬಹುದು ಅಂತ! ರೂಲ್ ಬಾಯಿಪಾಠ ಮಾಡಿಸೋ ಬದಲು ಸಾಲದ ಲೆಕ್ಕ ಹೇಳಿ. ಕೈಯಲ್ಲಿ 5 ಸಾವಿರ ಇರೋನು 3 ಸಾವಿರ ಇರೋನಿಗಿಂತ ಮುಂದೆ, ಅದೇ ದುಡ್ಡು ಸಾಲ ಆದ್ರೆ 3 ಸಾವಿರದವನೇ ಮುಂದೆ. ಮೈನಸ್ ಬಂದ ಕೂಡಲೇ ಕ್ರಮ ತಲೆಕೆಳಗಾಗುತ್ತೆ, ಅದಕ್ಕೇ ಚಿಹ್ನೆ ತಿರುಗೋದು. ಉತ್ತರ ಬಂದ್ಮೇಲೆ ಒಂದು ಸಂಖ್ಯೆ ಹಾಕಿ ನೋಡೋ ಅಭ್ಯಾಸಾನೂ ಮಾಡಿಸಿ, 11 ದಿನ ಹಾಕಿದ್ರೆ 60 ರೂಪಾಯಿ ಮಾತ್ರ ಉಳಿಯುತ್ತೆ, ತಪ್ಪಿದ್ರೆ ಅಲ್ಲೇ ಸಿಕ್ಕಿಬೀಳುತ್ತೆ.

ಪೆನ್ಸಿಲ್ ಹಿಡಿದು ಕೂತಿರೋ ಮಕ್ಕಳಿಗೆ ಒಂದು ಲೆಕ್ಕ. 25 ಮಾರ್ಕ್ಸಿನ ನಾಲ್ಕು ಟೆಸ್ಟು, ಮೂರರಲ್ಲಿ 18, 16, 21 ಬಂದಿದೆ, ಸರಾಸರಿ ಕನಿಷ್ಠ 20 ಇರಬೇಕಾದ್ರೆ ನಾಲ್ಕನೇದರಲ್ಲಿ ಎಷ್ಟು ತೆಗೀಬೇಕು? ಆ 16ರ ಜಾಗದಲ್ಲಿ 15 ಇದ್ದಿದ್ರೆ ಏನಾಗ್ತಿತ್ತು ಅನ್ನೋದನ್ನೂ ಬರೆದು ನೋಡಿ. ನಮಸ್ಕಾರ.