ದರ ಎಲ್ಲಿ ಇಟ್ಟೀರಿ?

ಎಲ್ಲರಿಗೂ ನಮಸ್ಕಾರ್ರಿ. ಇವತ್ತಿನ ವಿಷಯ ವೇರಿಯಬಲ್ ಸ್ಕೋಪ್, ಅಂದ್ರ ಪ್ರೋಗ್ರಾಮಿನೊಳಗ ಬೆಲೆ ತುಂಬಿಟ್ಟ ಹೆಸರು (ವೇರಿಯಬಲ್) ಎಲ್ಲೆಲ್ಲಿ ಸಿಗುತ್ತದೆ ಅನ್ನೋದು. ಕಲಬುರಗಿಯೊಳಗ ಕೂತು ಉದಾಹರಣೆಗೆ ದೂರ ಹೋಗೋದು ಬೇಡ, ತೊಗರಿ ತಗೊಳ್ಳೋಣ. ಗಂಜಿನ (ದವಸದ ಮಾರುಕಟ್ಟೆಯ) ವ್ಯಾಪಾರಕ್ಕೊಂದು ವೆಬ್ ಪುಟ ಮಾಡ್ತಿದ್ದೀರಿ. ಮೇಲೆ 'ದರ' ಅಂತ ಒಂದು ವೇರಿಯಬಲ್, ಕ್ವಿಂಟಲಿಗೆ 7000 ಅಂತಿಟ್ಟುಕೊಳ್ಳಿ. ಕೆಳಗೆ 'ಮೊತ್ತ' ಅನ್ನೋ ಫಂಕ್ಷನ್, ಅಂದ್ರ ಹೆಸರಿಟ್ಟು ಬೇಕಾದಾಗ ಓಡಿಸೋ ಕೋಡಿನ ತುಂಡು. ತೂಕಕ್ಕೆ ದರ ಗುಣಿಸುತ್ತದೆ. (ಹೆಸರನ್ನು ಕನ್ನಡ ಲಿಪಿಯಲ್ಲೇ ಬರೀರಿ, ಬ್ರೌಸರಿನಲ್ಲಿ ಓಡೋ ಜಾವಾಸ್ಕ್ರಿಪ್ಟ್ ಭಾಷೆ ಒಪ್ಪುತ್ತದೆ, ಸರ್ವರಿನಲ್ಲಿ ಓಡೋ ಪಿಎಚ್‌ಪಿಯೂ ಒಪ್ಪುತ್ತದೆ.)

ಜಾವಾಸ್ಕ್ರಿಪ್ಟ್‌ನಲ್ಲಿ ಲೆಕ್ಕ ಸರಿಯಾಗಿ ಬರುತ್ತದೆ. ಪಿಎಚ್‌ಪಿಯಲ್ಲಿ ಸೊನ್ನೆ ಬರುತ್ತದೆ, ಜೊತೆಗೆ ಇಂಥ ವೇರಿಯಬಲ್ ಇಲ್ಲವೆಂಬ ಎಚ್ಚರಿಕೆ. ಎರಡೂ 1995ರಲ್ಲಿ ಹೊರಬಂದ ಭಾಷೆಗಳೇ. ಆದರೆ ಜಾವಾಸ್ಕ್ರಿಪ್ಟ್ ಫಂಕ್ಷನ್ ತನ್ನೊಳಗೆ ಹೆಸರು ಸಿಗದಿದ್ದರೆ ಹೊರಗೆ ಹುಡುಕುತ್ತ ಹೋಗುತ್ತದೆ; ಪಿಎಚ್‌ಪಿಯ ಸಾಮಾನ್ಯ ಫಂಕ್ಷನ್ ಹೊಸ್ತಿಲು ದಾಟುವುದಿಲ್ಲ. ಈ ಒಂದು ವಿಷಯದಲ್ಲಿ ನನ್ನ ಓಟು ಪಿಎಚ್‌ಪಿಗೆ.

ಯಾಕಂದ್ರ, ನಾಳೆ ನಿಮ್ಮ ಗೆಳೆಯ ಅದೇ ಪುಟಕ್ಕೆ 'ಹಮಾಲಿ' ಅನ್ನೋ ಫಂಕ್ಷನ್ ಸೇರಿಸ್ತಾನೆ. ಅವನೂ ಒಳಗೆ ದರ ಅಂತಲೇ ಹೆಸರಿಟ್ಟು 40 ತುಂಬ್ತಾನೆ, ಮುಂದೆ, ಇದು ಹೊಸ ವೇರಿಯಬಲ್ ಅಂತ ಘೋಷಿಸೋ 'ಲೆಟ್' ಪದ ಬರೆಯೋದು ಮರೀತಾನೆ. ಜಾವಾಸ್ಕ್ರಿಪ್ಟ್ ಹೊರಗಿನ ದರವನ್ನೇ ತಿದ್ದಿಬಿಡುತ್ತದೆ. ಆಮೇಲೆ ಬಂದ ರೈತನ ತೊಗರಿ ಕ್ವಿಂಟಲಿಗೆ 40 ರೂಪಾಯಿ! ಹಮಾಲಿ ಫಂಕ್ಷನ್ ಮೊದಲು ಓಡಿದರೆ ತಪ್ಪು, ಆಮೇಲೆ ಓಡಿದರೆ ಸರಿ. ಇಂಥ ದೋಷ ಹುಡುಕೋದು ಭಾಳ ಕಷ್ಟ. 2009ರಲ್ಲಿ ಬಂದ ಸ್ಟ್ರಿಕ್ಟ್ ಮೋಡ್ (ಜಾವಾಸ್ಕ್ರಿಪ್ಟಿನ ನಿಯಮ ಬಿಗಿ ಮಾಡೋ ವ್ಯವಸ್ಥೆ) ಇದ್ದರೆ ಹಿಡೀತದಲ್ಲ ಅಂತ ಕೆಲವರು ಕೇಳ್ತಾರೆ. ಇಲ್ರಿ. ಎಲ್ಲೂ ಘೋಷಿಸದ ಹೆಸರಿಗೆ ಬೆಲೆ ಕೊಟ್ಟಾಗ ಅದು ತಡೆಯುತ್ತದೆ. ಇಲ್ಲಿ ದರ ಹೊರಗೆ ಘೋಷಣೆಯಾಗಿಯೇ ಇದೆ. ಗ್ಲೋಬಲ್ (ಫಂಕ್ಷನ್ನುಗಳ ಹೊರಗಿಟ್ಟ ವೇರಿಯಬಲ್) ಅಂದ್ರ ಅಗಸಿ ಕಟ್ಟೆಯ ಮೇಲಿಟ್ಟ ಸಾಮಾನು, ಯಾರು ಮುಟ್ಟಿದರೂ ಕೇಳುವವರಿಲ್ಲ.

ಹಾಗಾದ್ರ ದತ್ತಾಂಶ ಹಂಚಿಕೊಳ್ಳೋದು ಹ್ಯಾಂಗ? ಬೇಕಾದ್ದನ್ನು ಫಂಕ್ಷನ್ ಹೆಸರಿನ ಪಕ್ಕದ ಆವರಣದೊಳಗೆ ಕೊಡಿ, ಫಲಿತವನ್ನು ರಿಟರ್ನ್ ಮಾಡಿಸಿ, ಅಂದ್ರ ವಾಪಸ್ ಕೊಡಿಸಿ. ದರ, ತೂಕ, ತೇವಾಂಶ ಎಲ್ಲ ಸೇರಿ ಪಟ್ಟಿ ಉದ್ದವಾದರೆ, ಹೆಸರಿಟ್ಟ ಬೆಲೆಗಳ ಗಂಟಿನಂಥ ಒಂದೇ ಆಬ್ಜೆಕ್ಟ್‌ನಲ್ಲಿ ಕಟ್ಟಿ ಕಳಿಸಿ. ಆದರೆ ಆಬ್ಜೆಕ್ಟಿನ ಒಳಗೇನಾದರೂ ತಿದ್ದಿದರೆ ಎರಡೂ ಭಾಷೆಗಳಲ್ಲಿ ಹೊರಗೂ ಬದಲಾಗುತ್ತದೆ. ಅರೇ (ಸಾಲಾಗಿಟ್ಟ ಬೆಲೆಗಳ ಪಟ್ಟಿ) ಮಾತು ಬೇರೆ: ಪಿಎಚ್‌ಪಿಯಲ್ಲಿ ಫಂಕ್ಷನ್‌ಗೆ ಸಿಗೋದು ಅದರ ಪ್ರತಿ, ಜಾವಾಸ್ಕ್ರಿಪ್ಟ್‌ನಲ್ಲಿ ಮೂಲ ಅರೇಯೇ. ಎರಡೂ ಕಡೆ ಕೆಲಸ ಮಾಡೋರು ಇಲ್ಲೇ ಎಡವ್ತಾರೆ.

ಒಂದು ಪುಟದಿಂದ ಇನ್ನೊಂದಕ್ಕೆ ಹೋದರೆ ಈ ಯಾವ ವೇರಿಯಬಲ್ಲೂ ಉಳಿಯೋದಿಲ್ಲ. ಉಳಿಸಿಕೊಳ್ಳೋಕೆ ಸರ್ವರ್ ಕಡೆ ಸೆಷನ್ (ಒಬ್ಬೊಬ್ಬ ಬಳಕೆದಾರನ ಹೆಸರಲ್ಲಿಟ್ಟ ದತ್ತಾಂಶ) ಬಳಸಿ, ಬ್ರೌಸರ್ ಕಡೆ ಅದರದೇ ಉಗ್ರಾಣವಾದ ಲೋಕಲ್ ಸ್ಟೋರೇಜ್. ಲೋಕಲ್ ಸ್ಟೋರೇಜ್ ಎಲ್ಲವನ್ನೂ ಅಕ್ಷರವಾಗಿಯೇ ಇಡುತ್ತದೆ. ವಾಪಸ್ ತೆಗೆದ 7000ವನ್ನು 2ರಿಂದ ಗುಣಿಸಿದರೆ 14000 ಸರಿಯಾಗಿಯೇ ಬರುತ್ತದೆ. ವಾಪಸ್ ತೆಗೆದ ಅದೇ 7000ಕ್ಕೆ ಹಮಾಲಿಯ 40 ಕೂಡಿಸಿ ನೋಡಿ, 700040 ಆಗ್ತದ. ಮೊದಲು ಸಂಖ್ಯೆಗೆ ಬದಲಾಯಿಸಿಕೊಂಡು ಆಮೇಲೆ ಕೂಡಿಸಿ. ಈಗ ಪ್ರಶ್ನೆಗಳಿದ್ದರೆ ಕೇಳ್ರಿ.